ಎರವಲು ಹೋದ ನಾಯಿ

ನಮ್ಮ ಕುರಿ ಕಾಯುವ ನಾಯಿ ಟಿಬ್ ಪಿಕಪ್ಪಿನ ಮೇಲೆ ಹಾರಲು ಹೋಗಿ ಬಿದ್ದದ್ದನ್ನು ಮೊದಲು ಕಂಡವಳು ನನ್ನ ಮಗಳು ಐಲಾ. ನಾನು ಅಡುಗೆಮನೆಯಲ್ಲಿ ಅವಳ ಶಾಲೆಯ ಡಬ್ಬಿಗೆ ಚೀಸ್ ರೋಲ್ ಇಡುತ್ತಿದ್ದೆ. ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ, ಟಿಬ್‌ಗೆ ಹಾರೋಕೆ ಆಗ್ಲಿಲ್ಲ."

"ವಾರವೆಲ್ಲಾ ಊರವರ ಮನೇಲಿ ದುಡಿದು ಬಂದಿದ್ದಾಳೆ. ಸುಸ್ತಾಗಿರುತ್ತೆ ಬಿಡು."

"ಸುಸ್ತಲ್ಲಮ್ಮ. ಅವಳು ಗಾಡೀನ ನೋಡ್ಲೇ ಇಲ್ಲ."

ಮಕ್ಕಳ ಮಾತನ್ನು ಕೆಲಸದ ನಡುವೆ ಅರ್ಧ ಕೇಳಿ ಅರ್ಧ ಬಿಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ಮಾತನ್ನು ಹಾಗೆ ಬಿಡಲು ಆಗಲಿಲ್ಲ. ಕೈ ಒರೆಸಿಕೊಂಡು ಹೊರಗೆ ಹೋದೆ. ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಟಿಬ್ ಗಾಡಿಯ ಹಿಂದಿನ ಚಕ್ರಕ್ಕೆ ಹಣೆ ಒತ್ತಿಕೊಂಡು ನಿಂತಿದ್ದಳು. ಹಿಂದಿನ ಕಾಲುಗಳು ಎರಡೂ ಬೇರೆ ಯಾರದ್ದೋ ಎಂಬಂತೆ ಅಗಲಕ್ಕೆ ಜಾರುತ್ತಿದ್ದವು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನನ್ನ ಗಂಡ ಲಾಕ್ಲನ್ ಅವಳ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟಿದ್ದ. ಸೊಂಟ ನೋಯಿಸಿಕೊಂಡವನು ನೆಲಕ್ಕೆ ಕೂರುವುದೆಂದರೆ ಮತ್ತೆ ಏಳುವ ಯೋಚನೆ ಬಿಟ್ಟಿದ್ದಾನೆ ಎಂದೇ ಅರ್ಥ. ಅವಳ ಕಣ್ಣ ಮುಂದೆ ಕೈ ಆಡಿಸಿದ. ರೆಪ್ಪೆ ಬಡಿಯಲಿಲ್ಲ.

"ರೋನಾ, ಇವಳಿಗೆ ನಾನು ಕಾಣಿಸ್ತಿಲ್ಲ ಕಣೆ," ಎಂದ.

ಹಿಂದಿನ ಚಳಿಗಾಲದಲ್ಲಿ ನಾಲ್ಕು ಚಕ್ರದ ಬೈಕು ಗುಡ್ಡದ ಇಳಿಜಾರಿನಲ್ಲಿ ಮಗುಚಿ ಲಾಕ್ಲನ್‌ನ ಮೇಲೆ ಬಿದ್ದಿತ್ತು. ಸೊಂಟಕ್ಕೆ ಪೆಟ್ಟಾಗಿ ಅಂದಿನಿಂದ ಅವನ ಎಡಗಾಲು ಅವನ ಮಾತು ಕೇಳುವುದಿಲ್ಲ. ನಮ್ಮ ಜಮೀನಿನ ಬಹುಪಾಲು ಮನೆಯ ಹಿಂದಿನ ಆ ಗುಡ್ಡವೇ. ಅವನು ಕೆಳಗಿನ ಗೇಟಿನಲ್ಲಿ ನಿಂತು ಶಿಳ್ಳೆ ಹಾಕುತ್ತಾನೆ, ಟಿಬ್ ಮೇಲೆ ಹೋಗಿ ಹುಲ್ಲಿನ ಮರೆ, ಕಲ್ಲಿನ ಮರೆಗಳಿಂದ ಕುರಿಗಳನ್ನು ಹೆಕ್ಕಿ ತರುತ್ತಾಳೆ. ಬೊಗಳುವುದಿಲ್ಲ. ತಲೆ ತಗ್ಗಿಸಿ, ಕಣ್ಣಿಟ್ಟು ನೋಡುತ್ತಾಳೆ ಅಷ್ಟೆ, ಕುರಿಗಳು ತಾವಾಗಿ ತಿರುಗುತ್ತವೆ. ಅವಳ ಇಡೀ ವಿದ್ಯೆ ಇರುವುದು ಆ ಕಣ್ಣಿನಲ್ಲಿ. ಅವಳಿಲ್ಲದೆ ಗುಡ್ಡವನ್ನು ಇಟ್ಟುಕೊಳ್ಳುವುದು ಹೇಗೆ ಎಂದು ನಾವಿಬ್ಬರೂ ಯಾವತ್ತೂ ಬಾಯಿ ಬಿಟ್ಟು ಮಾತಾಡಿರಲಿಲ್ಲ. ಮಾತಾಡಿದರೆ ಉತ್ತರ ಹೇಳಬೇಕಾಗುತ್ತಿತ್ತು.

ಐಲಾಳನ್ನು ಅಳುತ್ತಿದ್ದ ಹಾಗೆಯೇ ಶಾಲೆಯ ಬಸ್ಸು ಹತ್ತಿಸಿದೆ. ಟಿಬ್‌ಳನ್ನು ಹಳೆಯ ಉಣ್ಣೆ ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಲಾಕ್ಲನ್ ಪಟ್ಟಣದ ದಾರಿಯಲ್ಲಿ ಗಾಡಿ ಓಡಿಸಿದ.

ಪಶುವೈದ್ಯೆ ಮರಾಮಾ ನಮಗೆ ಹೊಸಬಳಲ್ಲ. ಟಿಬ್ ಮರಿಯಾಗಿದ್ದಾಗ ಮುಳ್ಳುತಂತಿಗೆ ಸಿಕ್ಕ ಅವಳ ಕಿವಿಯನ್ನು ಹೊಲಿದವಳೂ ಇವಳೇ. ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಕಾಲು ಮಡಿಸಿ ಬಿಟ್ಟಳು, ಬಾಯಿ ಮೂಸಿದಳು. ಆಮೇಲೆ ಸ್ಟೂಲು ಎಳೆದು ಕೂತು, ಏನು ತಿಂದಿದ್ದಾಳೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆವು. ಬಸವನಹುಳುವಿಗೆ ಹಾಕುವ ವಿಷ ಇರಬಹುದೆ, ಇಲಿಪಾಷಾಣವೆ, ತೊರೆಯ ಆಚೆ, ಮರಗಳನ್ನು ತಿಂದು ಹಾಳು ಮಾಡುವ ಪಾಸಮ್ ಎಂಬ ಪ್ರಾಣಿಗಳಿಗೆ ಇಟ್ಟ ವಿಷ ತಿಂದು ಸತ್ತ ಪ್ರಾಣಿಯನ್ನೇನಾದರೂ ಕಚ್ಚಿರಬಹುದೆ ಎಂದು ಒಂದೊಂದಾಗಿ ವಿಚಾರಿಸಿದಳು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಟ್ಟರೆ ಉಳಿಯುವ ನಾಯಿಯೂ ಹೋಗುತ್ತದೆ ಎಂದಳು.

"ಹುಳದ ಮಾತ್ರೆ?" ಎಂದು ಕೇಳಿದಳು.

ತಿಂಗಳ ಮಾತ್ರೆಯನ್ನು ನಾನೇ ಕೊಟ್ಟಿದ್ದೆ. ಈ ವಾರ ಎರಡು ಮನೆಗೆ ಎರವಲು ಹೋಗಿ ನಿನ್ನೆ ಸಂಜೆಯಷ್ಟೇ ಬಂದಿದ್ದಾಳೆ, ಅಲ್ಲಿಯೂ ಕೊಟ್ಟಿರುತ್ತಾರೆ ಎಂದೆ. ಮರಾಮಾ ತಲೆಯಾಡಿಸಿದಳು. ನಮ್ಮ ಈ ಸೌತ್‌ಲ್ಯಾಂಡ್ ಸೀಮೆಯಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆ ಹುಲ್ಲಿಗೆ ಬಿದ್ದರೆ, ಅದನ್ನು ಮೇಯ್ದ ಕುರಿಯ ಮಾಂಸದಲ್ಲಿ ಗಂಟು ಕಟ್ಟುತ್ತದೆ, ಕಟುಕರ ಕಾರ್ಖಾನೆಯವರು ಅಂಥ ಕುರಿಯನ್ನು ಬಿಸಾಡುತ್ತಾರೆ. ಆದ್ದರಿಂದ ಔಷಧ ಕುಡಿಯದ ನಾಯಿ ಯಾರ ಗೇಟನ್ನೂ ದಾಟುವಂತಿಲ್ಲ. ಇದು ಎಲ್ಲ ಕಡೆಯ ನಿಯಮ. ನಮ್ಮ ಕಣಿವೆಯಲ್ಲಿ ಇದರ ಮೇಲೆ ಇನ್ನೊಂದು ಬೆಳೆದು ಬಂದಿದೆ. ಎರವಲು ಬಂದ ನಾಯಿಗೆ ಔಷಧ ಆಗಿದೆಯೇ ಎಂದು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳಿದರೆ ನಾಯಿಯ ಯಜಮಾನನ ಮನೆಯ ಚೊಕ್ಕಟವನ್ನು ಅನುಮಾನಿಸಿದಂತೆ. ಕರೆಸಿಕೊಂಡವರು ಸುಮ್ಮನೆ ತಮ್ಮ ಕೈಯಾರೆ ಒಂದು ಮಾತ್ರೆ ಕೊಡುತ್ತಾರೆ, ಹೊಟ್ಟೆ ತುಂಬ ಊಟ ಹಾಕುತ್ತಾರೆ, ಸಂಜೆಗೆ ಕಳಿಸುತ್ತಾರೆ. ಮನೆಗೆ ಬಂದ ನೆಂಟರಿಗೆ ಊಟ ಆಯಿತೇ ಎಂದು ಕೇಳದೆ ಎಲೆ ಹಾಕಿದ ಹಾಗೆ.

"ಮಾತ್ರೆ ಮೂರಲ್ಲ, ಆರು ಆಗಿದ್ರೂ ಹೊಟ್ಟೆ ಕೆಡ್ತಿತ್ತು, ಅಷ್ಟೆ," ಎಂದಳು ಮರಾಮಾ. "ಇದು ಬೇರೆ ಏನೋ. ಎರವಲು ಕೊಂಡವರಿಗೆ ಫೋನ್ ಮಾಡಿ ಕೇಳಿ. ಬಿಡಿಸಿ ಬಿಡಿಸಿ ಕೇಳಿ."

ಅಲ್ಲಿಂದಲೇ ಮಾಡಿದೆವು. ಬೆವ್ ಟಾಲಿಸ್‌ಗೆ ಮೊದಲು. ಅವಳು ನಾಯಿಯನ್ನು ಕೇಳಲು ಬಂದಾಗ, ಗಂಡನ್ನ ಬೇಕಾದ್ರೆ ಇಲ್ಲೇ ಅಡವಿಟ್ಟು ಹೋಗ್ತೀನಿ, ಟಿಬ್‌ನ ಕೊಡು ಎಂದು ನಗಿಸಿ ಹೋಗಿದ್ದಳು. ಈಗ ಅವಳ ದನಿ ಸಣ್ಣಗಾಯಿತು. ಗೇಟಿನ ಹತ್ತಿರ ಚೀಸಿನ ತುಂಡಿನಲ್ಲಿಟ್ಟು ಮಾತ್ರೆ ಕೊಟ್ಟದ್ದು ನಿಜ, ಇಲಿಪಾಷಾಣ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ, ಬೇಕಾದರೆ ಈಗಲೇ ಹೋಗಿ ನೋಡಿ ಬರುತ್ತೇನೆ ಎಂದಳು. ನೋಡಿ ಬಂದು ಹೇಳಿಯೂ ಹೇಳಿದಳು, ಪೆಟ್ಟಿಗೆ ಮುಟ್ಟಿದ ಹಾಗೇ ಇಲ್ಲ ಎಂದು.

ಆಮೇಲೆ ಡೂಗಲ್ ರೆನ್ನಿ, ಹಿಂದಿನ ದಿನ ಟಿಬ್‌ಳನ್ನು ಕರೆಸಿಕೊಂಡಿದ್ದವನು. ತೊರೆಯ ಆಚೆಗಿನ ಜಮೀನು ಅವನದು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಹೋದ ಚಳಿಗಾಲದಲ್ಲಿ ಅವನ ನಾಯಿ ಜಾಕ್ ಕೂಡ ಮುಪ್ಪಿನಿಂದ ಸತ್ತಿತು, ಮತ್ತೊಂದನ್ನು ಅವನು ಕಟ್ಟಿಕೊಂಡಿಲ್ಲ. ಫೋನಿನಲ್ಲಿ ಮಾತಾಡಿದವನು ಲಾಕ್ಲನ್. ಆ ಕಡೆಯಿಂದ ಬಂದದ್ದು ಎರಡೇ ಮಾತು. ಮಾತ್ರೆ ಕೊಟ್ಟೆ. ಬೇರೆ ಏನೂ ಇಲ್ಲ. ಆಮೇಲೆ ಫೋನು ಇಟ್ಟ ಸದ್ದು.

"ಹಾಗಾದ್ರೆ ಪಾಸಮ್ ವಿಷವೇ," ಎಂದ ಲಾಕ್ಲನ್. ತೊರೆಯ ದಂಡೆಯಲ್ಲಿ ಸತ್ತ ಪ್ರಾಣಿ ಏನಾದರೂ ಬಿದ್ದಿದೆಯೇ ಎಂದು ಹುಡುಕಬೇಕು ಎಂದು ಎದ್ದ. ಆ ಕಾಲಿನಲ್ಲಿ ತೊರೆಯ ದಂಡೆ ನಡೆಯುವುದು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಟಿಬ್‌ಳನ್ನು ಅಲ್ಲೇ ಬಿಟ್ಟು ಹೊರಟೆವು. ಅವಳ ಮೈಯಲ್ಲಿ ಆಗಲೇ ಸಣ್ಣ ನಡುಕ ಶುರುವಾಗಿತ್ತು. ನಡುಕ ಹೆಚ್ಚಾದರೆ ನಿದ್ದೆ ಬರಿಸುವ ಇಂಜೆಕ್ಷನ್ ಕೊಡಬೇಕಾಗುತ್ತದೆ, ಕಾರಣ ತಿಳಿಯದೆ ಕೊಡಲು ಮನಸ್ಸಿಲ್ಲ, ಆದರೆ ಕಾಯುತ್ತಾ ಕೂರಲೂ ಆಗುವುದಿಲ್ಲ ಎಂದಳು ಮರಾಮಾ.

ಲಾಕ್ಲನ್‌ನನ್ನು ತೊರೆಯ ಸೇತುವೆಯ ಬಳಿ ಇಳಿಸಿ ನಾನು ಮನೆಗೆ ಬಂದೆ. ಜೊಲ್ಲು ಬಿದ್ದ ಕಂಬಳಿಯನ್ನು ಒಗೆಯಲು ಹಾಕೋಣವೆಂದು ಹಿಂದಿನ ಕೋಣೆಗೆ ಹೋಗಿ ಸಾಬೂನಿನ ಪುಡಿಗಾಗಿ ಬೀರು ತೆರೆದೆ. ಪುಡಿಯ ಡಬ್ಬಿಯ ಹಿಂದೆ ನಾಯಿಗಳ ಸಾಮಾನು ಇಡುವ ಬುಟ್ಟಿ ಇದೆ. ಬಾಚಣಿಗೆ, ಉಗುರು ಕತ್ತರಿಸುವ ಕತ್ತರಿ, ಹುಳದ ಮಾತ್ರೆಯ ಪೊಟ್ಟಣ. ಪೊಟ್ಟಣದ ಮೇಲೆ ದಪ್ಪ ಪೆನ್ಸಿಲ್ಲಿನಲ್ಲಿ 'ಜಾಕ್' ಎಂದು ಬರೆದಿತ್ತು.

ಡೂಗಲ್‌ನ ಅಕ್ಷರ ಅದು. ಜಾಕ್‌ನನ್ನು ಮಣ್ಣು ಮಾಡಿದ ಮರುದಿನ ಅವನು ಒಂದು ಗೋಣಿಚೀಲ ಹೊತ್ತುಕೊಂಡು ಬಂದಿದ್ದ. ಊಟದ ತಟ್ಟೆ, ಹಾಸಿಗೆ, ಉಳಿದ ಮಾತ್ರೆಗಳು, ಎಲ್ಲ ಅದರಲ್ಲಿತ್ತು. ನಿಮ್ಮದಕ್ಕೆ ಆಗುತ್ತೆ, ನನ್ನ ಕಣ್ಣಮುಂದೆ ಬೇಡ ಎಂದು ಬಾಗಿಲಲ್ಲೇ ಇಟ್ಟು ಹೋಗಿದ್ದ. ಕೊರಳಪಟ್ಟಿಯೊಂದನ್ನು ಕೊಟ್ಟಿರಲಿಲ್ಲ. ಈ ತಿಂಗಳು ನಾನು ಟಿಬ್‌ಗೆ ಕೊಟ್ಟ ಮಾತ್ರೆಯೂ ಇದೇ ಪೊಟ್ಟಣದ್ದು.

ನಾಯಿಯೇ ಇಲ್ಲದ ಮನೆಯಲ್ಲಿ ನಾಯಿಯ ಮಾತ್ರೆ ಎಲ್ಲಿಂದ ಬಂತು?

ಕಂಬಳಿಯನ್ನು ಅಲ್ಲೇ ಬಿಟ್ಟೆ. ಬೆಳಗ್ಗೆ ಮಿಕ್ಕಿದ್ದ ಚೀಸ್ ರೋಲ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಾಡಿ ಹತ್ತಿದೆ. ಡೂಗಲ್ ನನ್ನ ಅಪ್ಪನ ವಯಸ್ಸಿನವನು. ನಾನು ಮದುವೆಯಾಗಿ ಈ ಕಣಿವೆಗೆ ಬಂದಾಗ, ದಕ್ಷಿಣದ ಗಾಳಿಗೆ ಬಟ್ಟೆ ಒಣಹಾಕುವುದು ಹೇಗೆ ಎಂದು ಹೇಳಿಕೊಟ್ಟವನು. ಅವನ ಮನೆಗೆ ಹೋಗಿ ನೀನು ಸುಳ್ಳು ಹೇಳಿದೆ ಎನ್ನುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಗೊತ್ತಾಗಲಿಲ್ಲ.

ಒಲೆ ಆರಿತ್ತು. ಅವನು ಅಡುಗೆಮನೆಯ ಮೇಜಿನ ಮುಂದೆ ಕೋಟು ಹಾಕಿಕೊಂಡೇ ಕೂತಿದ್ದ. ಮುಂದೆ ಸುಲಿದ ಒಂದು ಆಲೂಗಡ್ಡೆ, ಸುಲಿಯದ ನಾಲ್ಕಾರು. ನನ್ನನ್ನು ನೋಡಿ ಏಳಲಿಲ್ಲ. ನಾನು ಒಲೆಗೆ ಕಲ್ಲಿದ್ದಲು ಹಾಕಿದೆ, ನೀರಿಟ್ಟೆ, ತೊಳೆಯದೆ ಬಿದ್ದಿದ್ದ ಲೋಟಗಳನ್ನು ತೊಳೆದೆ. ಮಕ್ಕಳು ಏನನ್ನಾದರೂ ಬಚ್ಚಿಟ್ಟುಕೊಂಡಾಗ ನಾನು ಮಾಡುವುದು ಇಷ್ಟೇ. ಕೈಗೆ ಕೆಲಸ ಕೊಟ್ಟು, ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಆದರೆ ಅಂದು ಕಾಯುವಷ್ಟು ಹೊತ್ತು ಇರಲಿಲ್ಲ. ಗೋಡೆಯ ಮೊಳೆಯಲ್ಲಿ ಜಾಕ್‌ನ ಕೊರಳಪಟ್ಟಿ ತೂಗುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದೆ.

"ಡೂಗಲ್, ಜಾಕ್‌ನ ಮಾತ್ರೆಗಳು ನಮ್ಮ ಬೀರುವಿನಲ್ಲಿವೆ. ನೀವೇ ತಂದುಕೊಟ್ಟಿದ್ರಿ."

ಅವನು ಆಲೂಗಡ್ಡೆಯನ್ನು ಕೆಳಗಿಟ್ಟ.

"ಇದೆಯೇನೋ ಅಂತ ಡ್ರಾಯರೆಲ್ಲಾ ಹುಡುಕ್ದೆ ಹುಡುಗಿ. ಕೊಟ್ಟಿದ್ದು ಮರೆತೇ ಹೋಗಿತ್ತು. ಅವಳು ಬಂದು ಗೇಟಿನ ಹತ್ರ ಕೂತಿದ್ಲು, ಎಲ್ಲಿ ಮಾತ್ರೆ ಅನ್ನೋ ಹಾಗೆ. ಬರೀಬಾಯಲ್ಲಿ ಕಳಿಸೋದು ಹೇಗೆ?"

ಆಮೇಲೆ ಒಂದೊಂದಾಗಿ ಹೇಳಿದ. ಹೆಗಲಲ್ಲಿ ಕುರಿಗಳಿಗೆ ಔಷಧ ಕುಡಿಸುವ ಪಿಚಕಾರಿ ಇತ್ತು. ಕುರಿಯ ಔಷಧದ ಕ್ಯಾನಿನ ಮೇಲೆ ಲಾಡಿಹುಳುವಿನ ಹೆಸರೂ ಇತ್ತು. ಹುಳ ಒಂದೇ ಅಲ್ಲವೇ, ಔಷಧವೂ ಒಂದೇ ಇರಬೇಕು ಎಂದುಕೊಂಡ. ಪಿಚಕಾರಿಯ ಅಳತೆ ದೊಡ್ಡ ಹೆಣ್ಣುಕುರಿಗಳಿಗೆ ಹೊಂದಿಸಿದ್ದದ್ದು. ಅದನ್ನು ತಿರುಗಿಸಿ ಕಡಿಮೆ ಮಾಡಬೇಕೆಂದು ಹೊಳೆಯಲಿಲ್ಲ. ಒಂದು ಸಲ ಒತ್ತಿದ. ಟಿಬ್ ತಲೆ ಕೊಡವಿದಳು. ಉಗುಳಿಬಿಟ್ಟಳು ಎಂದುಕೊಂಡು ಮತ್ತೊಂದು ಸಲ ಒತ್ತಿದ.

"ಬೆಳಿಗ್ಗೆ ಕೇಳಿದಾಗಲೇ ಹೇಳಬಹುದಿತ್ತಲ್ಲ ಡೂಗಲ್."

"ಕೇಳಿದ್ದು ಲಾಕ್ಲನ್. ಬಾಯಿ ತೆರೆದೆ, ಬಂದಿದ್ದು ಬೇರೆ ಮಾತು." ಸಿಪ್ಪೆಗಳನ್ನು ಒಂದು ಕಡೆ ಗುಡಿಸಿಟ್ಟು, "ನಮ್ಮ ಚಿಕ್ಕಪ್ಪ ಒಂದು ಸಲ ಕತ್ತಲಲ್ಲಿ ಮೊಲ ಅಂದ್ಕೊಂಡು ಎರವಲು ತಂದಿದ್ದ ನಾಯೀಗೆ ಗುಂಡು ಹೊಡೆದುಬಿಟ್ಟಿದ್ದ. ಆಮೇಲೆ ಸಾಯೋವರೆಗೂ ಈ ಕಣಿವೇಲಿ ಯಾರೂ ಅವನಿಗೆ ಒಂದು ಏಣೀನೂ ಎರವಲು ಕೊಡ್ಲಿಲ್ಲ," ಎಂದ.

ನಾನು ಫೋನನ್ನು ಗೋಡೆಯಿಂದ ತೆಗೆದು ಅವನ ಕೈಗೆ ಕೊಟ್ಟೆ. ನಾನೇ ಮಾತಾಡಬಹುದಿತ್ತು. ಅವನೇ ಹೇಳಲಿ ಅನ್ನಿಸಿತು. ಕ್ಯಾನನ್ನು ಅಂಗಳದಿಂದ ತಂದು ಅದರ ಮೇಲಿನ ಹೆಸರುಗಳನ್ನು ನಾನು ಓದುತ್ತಾ ಹೋದೆ, ಅವನು ಒಂದೊಂದನ್ನೂ ಮರಾಮಾಳಿಗೆ ಹೇಳುತ್ತಾ ಹೋದ. ಎರಡು ಸಲ ಒತ್ತಿದೆ ಎಂದ. ಪಿಚಕಾರಿಯ ಅಳತೆ ಎಷ್ಟಿತ್ತು ಎಂದು ಅವಳು ಕೇಳಿರಬೇಕು, ಅದನ್ನೂ ಹೇಳಿದ. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡು, ಫೋನನ್ನು ನನ್ನ ಕಡೆ ಚಾಚಿದ.

"ಈಗಲಾದ್ರೂ ಹೇಳಿದ್ರಲ್ಲ, ಸದ್ಯ," ಎಂದಳು ಮರಾಮಾ. "ಆ ಇಂಜೆಕ್ಷನ್ ಸಿರಿಂಜಿಗೆ ತುಂಬಿ ಕೈಯಲ್ಲಿ ಹಿಡ್ಕೊಂಡಿದ್ದೆ ರೋನಾ. ಈ ಔಷಧದ ಮೇಲೆ ಅದು ಬಿದ್ದಿದ್ರೆ ಅವಳು ಮತ್ತೆ ಏಳೋದು ಕಷ್ಟ ಇತ್ತು."

ಟಿಬ್‌ಳ ಜಾತಿಯ ನಾಯಿಗಳಲ್ಲಿ ಕೆಲವಕ್ಕೆ ಈ ಔಷಧ ಮಿದುಳಿನವರೆಗೂ ಇಳಿದುಬಿಡುತ್ತದಂತೆ. ಬೇರೆ ನಾಯಿ ತಡೆದುಕೊಳ್ಳುವಷ್ಟು ಇವು ತಡೆದುಕೊಳ್ಳಲಾರವು. ಇಳಿದದ್ದನ್ನು ಹೊರಗೆ ತೆಗೆಯುವ ಮದ್ದಿಲ್ಲ. ರಕ್ತಕ್ಕೆ ಒಂದು ಬಗೆಯ ಕೊಬ್ಬಿನ ದ್ರವ ಬಿಟ್ಟರೆ ಸ್ವಲ್ಪ ಭಾಗವನ್ನು ಅದು ಹೀರಿಕೊಳ್ಳಬಹುದು, ಉಳಿದದ್ದು ತಾನಾಗಿ ಕರಗುವವರೆಗೂ ಅವಳನ್ನು ಬೆಚ್ಚಗೆ, ಉಸಿರಾಡುತ್ತಾ ಇರಿಸಬೇಕು ಎಂದಳು. ಉಳಿಯುತ್ತಾಳೆ ಎಂದು ಹೇಳಲಿಲ್ಲ.

ಲಾಕ್ಲನ್ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದ. ಮೊಣಕಾಲವರೆಗೂ ಕೆಸರು. ಸತ್ತ ಪಾಸಮ್ ಒಂದೂ ಸಿಕ್ಕಿಲ್ಲ ಎಂದ. ನಾನು ಗಾಡಿಯನ್ನು ಅಲ್ಲೇ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕೇಳಿ ಮುಗಿಸಿ ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯತೊಡಗಿದ.

"ಔಷಧ ಕೊಟ್ಟಿದ್ದಕ್ಕೆ ನನಗೇನೂ ಸಿಟ್ಟಿಲ್ಲ," ಎಂದ ಕೊನೆಗೆ. "ನಾನೇ ಆಗಿದ್ರೂ ಕೊಡ್ತಿದ್ದೆನೋ ಏನೋ. ಕೇಳಿದಾಗ ಇಲ್ಲ ಅಂದ ನೋಡು. ಅವಳು ಅಲ್ಲಿ ನಡುಗ್ತಾ ಬಿದ್ದಿದ್ಲು, ಇವನು ಇಲ್ಲ ಅಂದ."

ಡೂಗಲ್‌ಗೆಂದು ಒಯ್ದು ಕೊಡಲು ಮರೆತಿದ್ದ ಚೀಸ್ ರೋಲ್ ಒಂದನ್ನು ಅವನ ಕೈಗಿಟ್ಟೆ.

ಮೊದಲ ಕೆಲವು ದಿನ ಟಿಬ್ ಮರಾಮಾಳ ಹತ್ತಿರವೇ ಇದ್ದಳು. ಉಸಿರು ಒಂದು ಹದಕ್ಕೆ ಬಂದ ಮೇಲೆ ಮನೆಗೆ ತಂದೆವು. ಎಚ್ಚರವೇ ಇರದ ನಾಯಿಯನ್ನು ಮಗ್ಗುಲು ಬದಲಾಯಿಸುತ್ತಾ ನೋಡಿಕೊಳ್ಳುವುದಷ್ಟೇ ಉಳಿದಿತ್ತು, ಅದಕ್ಕೆ ತಾಯಿಯಾದವಳು ಸಾಕು ಎಂದು ಮರಾಮಾ ನಕ್ಕಳು. ಒಗೆಯುವ ಕೋಣೆಯಲ್ಲಿ, ಬಾಯ್ಲರಿನ ಬೆಚ್ಚಗಿನ ಗೋಡೆಗೆ ಹತ್ತಿಸಿ ಜಾಗ ಮಾಡಿದೆ. ಬಿಸಿನೀರಿನ ಚೀಲಗಳನ್ನು ಐಲಾಳ ಹಳೆಯ ಸ್ವೆಟರುಗಳಲ್ಲಿ ಸುತ್ತಿ ಸುತ್ತಲೂ ಇಟ್ಟೆ. ಬಟ್ಟೆ ಒಗೆಯುವಾಗ ಒಂದು ಸಲ, ಹಿಂಡುವಾಗ ಒಂದು ಸಲ, ಒಣಗಿಸಿ ತಂದು ಮಡಿಸುವಾಗ ಒಂದು ಸಲ ಅವಳ ಮಗ್ಗುಲು ತಿರುಗಿಸುತ್ತಿದ್ದೆ. ಕಣ್ಣಿಗೆ ಮುಲಾಮು, ನಾಲಿಗೆಗೆ ಒದ್ದೆ ಬಟ್ಟೆ. ಹಸುಗೂಸಿದ್ದ ಮನೆಯ ವಾಸನೆ ಮತ್ತೆ ಬಂತು, ಪೌಡರು, ಉಚ್ಚೆ, ಬಿಸಿ ಉಣ್ಣೆಯದು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಗುಡ್ಡದ ಮೇಲಿನ ಕುರಿಗಳನ್ನು ಇಳಿಸಬೇಕಾದ ದಿನ ಬಂತು. ಲಾಕ್ಲನ್ ಕೋಲೂರಿಕೊಂಡು ತಾನೇ ಹತ್ತಿದ. ಐಲಾ ಅವನ ಜೊತೆ ಹೋಗಿ ನಾಯಿಯ ಹಾಗೆ ಬೊಗಳಿದಳು. ಟಿಬ್ ಬೊಗಳೋದೇ ಇಲ್ವಲ್ಲೇ ಎಂದು ಅಪ್ಪ ರೇಗಿಸಿದರೆ, ನಾನು ಟಿಬ್ ಅಲ್ಲ, ಬೇರೆ ನಾಯಿ ಎಂದಳಂತೆ. ಅರ್ಧ ಕುರಿಗಳು ಇಳಿದವು, ಅರ್ಧ ಅಲ್ಲೇ ನಿಂತು ಇವರಿಬ್ಬರನ್ನು ನೋಡಿದವು. ಸಂಜೆ ಲಾಕ್ಲನ್ ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೊಳ್ಳುತ್ತಾ, ಹೀಗೇ ಆದರೆ ಗುಡ್ಡವನ್ನು ಗೇಣಿಗೆ ಕೊಟ್ಟುಬಿಡೋಣ ಎಂದ. ಅಷ್ಟು ದಿನ ನಾವು ಆಡದೆ ಬಿಟ್ಟಿದ್ದ ಮಾತು ಹೊರಗೆ ಬಿತ್ತು. ನಾನು ಟವೆಲ್ ಮಡಿಸುವುದನ್ನು ನಿಲ್ಲಿಸಲಿಲ್ಲ.

ಡೂಗಲ್ ದಿನವೂ ಮಧ್ಯಾಹ್ನ ಬರುತ್ತಿದ್ದ. ಲಾಕ್ಲನ್‌ನ ಗಾಡಿ ಗುಡ್ಡದ ಕಡೆ ಹೋದದ್ದನ್ನು ಆಚೆಯಿಂದ ನೋಡಿಕೊಂಡೇ ಬರುತ್ತಿದ್ದನೆಂದು ಕಾಣುತ್ತದೆ. ಹಿಂದಿನ ಬಾಗಿಲಲ್ಲಿ ರಬ್ಬರ್ ಬೂಟು ಕಳಚಿ, ಕಾಲುಚೀಲದಲ್ಲಿ ಒಳಗೆ ಬಂದು, ಮಗುಚಿಟ್ಟ ಬಕೆಟಿನ ಮೇಲೆ ಕೂರುತ್ತಿದ್ದ. ಟಿಬ್‌ಳ ಮೈಯನ್ನು ಬಾಚುತ್ತಿದ್ದ. ನಾನು ಚಹಾ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಇಲ್ಲ. ಒಂದು ದಿನ ಐಲಾ ಶಾಲೆಯಿಂದ ಬೇಗ ಬಂದುಬಿಟ್ಟಳು. ಚೀಲವನ್ನು ಹೆಗಲಿಂದ ಇಳಿಸದೆ ಅವನ ಮುಂದೆ ನಿಂತಳು.

"ಟಿಬ್‌ಗೆ ಹೀಗೆ ಮಾಡಿದ್ದು ನೀವೇನಾ?"

ನಾನು ತಡೆಯಲು ಹೋದೆ. ಡೂಗಲ್ ಕೈಯೆತ್ತಿ ಬೇಡವೆಂದ.

"ಹೌದು ಮಗು."

"ಯಾಕೆ?"

"ಮರ್ಯಾದೆ ಅಂತ ಮಾಡಿದೆ. ಬಂದ ನಾಯೀನ ಹಾಗೇ ಕಳಿಸಬಾರದು ಅಂತ."

ಐಲಾ ಯೋಚಿಸಿದಳು. "ಆಮೇಲೆ ಅಪ್ಪ ಕೇಳಿದಾಗ?"

ಅವನು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ಬಿಡಿಸುತ್ತಾ, "ಅದೂ ಮರ್ಯಾದೆಗೇ. ನನ್ನದು," ಎಂದ.

"ಆ ಎರಡನೇದು ಚೆನ್ನಾಗಿಲ್ಲ," ಎಂದಳು ಐಲಾ. ಆಮೇಲೆ ಚೀಲ ಇಳಿಸಿ, ಟಿಬ್‌ಳ ನಾಲಿಗೆಗೆ ನೀರು ಹಚ್ಚುವ ಸ್ಪಂಜನ್ನು ಬಟ್ಟಲಿನಿಂದ ತೆಗೆದು ಹಿಂಡಿ ಅವನ ಕೈಗೆ ಕೊಟ್ಟಳು. ಹೆಚ್ಚು ಒದ್ದೆ ಮಾಡಬಾರದು, ಗಂಟಲಿಗೆ ಹೋಗುತ್ತದೆ ಎಂದು ಹೇಳಿಕೊಟ್ಟಳು.

ಟಿಬ್ ಎಚ್ಚೆತ್ತದ್ದು ಅಂಥದೇ ಒಂದು ಮಧ್ಯಾಹ್ನ. ಹೊರಗೆ ಬೆವ್ ಟಾಲಿಸ್‌ಳ ಗಾಡಿಯ ಸದ್ದಾಯಿತು. ಅವಳು ತಂದಿದ್ದ ಮಾಂಸದ ಸಾರಿನ ಪಾತ್ರೆಯನ್ನು ತೆಗೆದುಕೊಳ್ಳಲು ನಾನು ಬಾಗಿಲಿಗೆ ಹೋಗಿದ್ದೆ. ಒಳಗಿನಿಂದ ಡೂಗಲ್ ನನ್ನ ಹೆಸರನ್ನು ಕೂಗಿದ. ಬಂದು ನೋಡಿದರೆ ಅವಳ ಹೊಲಿಗೆ ಹಾಕಿದ ಕಿವಿ ನೆಟ್ಟಗಾಗಿತ್ತು. ಮೂಗು ಗಾಳಿಯಲ್ಲಿ ಸಾರಿನ ವಾಸನೆಯನ್ನು ಹುಡುಕುತ್ತಿತ್ತು. ಡೂಗಲ್‌ನ ಅಂಗಿಯ ತೋಳನ್ನು ಮೂಸಿದಳು, ಬಾಲ ನೆಲಕ್ಕೆ ಒಂದು ಸಲ ಬಡಿಯಿತು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಆದರೆ ಕಣ್ಣು ಬರಲಿಲ್ಲ. ಎದ್ದು ನಿಲ್ಲುವಷ್ಟು ಶಕ್ತಿ ಬಂದ ಮೇಲೆ ಒಗೆಯುವ ಯಂತ್ರಕ್ಕೆ ಢಿಕ್ಕಿ ಹೊಡೆದಳು, ಬಾಗಿಲ ಚೌಕಟ್ಟಿಗೆ ಹೊಡೆದಳು, ಮೂಗು ತರಚಿಕೊಂಡಳು. ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ, ಕೆಲವಕ್ಕೆ ತಡವಾಗುತ್ತದೆ, ಎಷ್ಟು ಮರಳುತ್ತದೆಂದು ಹೇಳಲಾರೆ ಎಂದಳು ಮರಾಮಾ. ಮನೆಯಲ್ಲಿ ಕುರ್ಚಿಗಳನ್ನು ಸರಿಸದೆ ಇದ್ದ ಜಾಗದಲ್ಲೇ ಇಡುವುದನ್ನು ಕಲಿತೆವು. ತೊರೆಯ ದಂಡೆಯ ವಿಲೋ ಮರಗಳು ಹಳದಿ ಎಲೆಗಳನ್ನೆಲ್ಲ ಉದುರಿಸಿ ಬರಿದಾದವು. ಅಷ್ಟು ಹೊತ್ತಿಗೆ ಐಲಾ ಹೊಸದೊಂದನ್ನು ಕಂಡುಹಿಡಿದಿದ್ದಳು. ಚೆಂಡನ್ನು ನೆಲದ ಮೇಲೆ ಇಟ್ಟರೆ ಟಿಬ್‌ಗೆ ಕಾಣುವುದಿಲ್ಲ, ಉರುಳಿಸಿದರೆ ತಲೆ ತಿರುಗುತ್ತದೆ. ಓಡುವುದು ಅವಳಿಗೆ ಕಾಣುತ್ತಿತ್ತು. ನಿಂತದ್ದು ಕಾಣುತ್ತಿರಲಿಲ್ಲ.

ಲಾಕ್ಲನ್ ಅದನ್ನು ಕೇಳಿಸಿಕೊಂಡ. ಮರುದಿನ ಬೆಳಗ್ಗೆ ಮನೆಯ ಮುಂದಿನ ಸಮತಟ್ಟಾದ ಹೊಲಕ್ಕೆ ನಾಲ್ಕೈದು ಮುದಿ ಕುರಿಗಳನ್ನು ಬಿಟ್ಟ. ಟಿಬ್‌ಳನ್ನು ಎತ್ತಿಕೊಂಡೇ ಹೋಗಿ ಗೇಟಿನ ಒಳಗೆ ಇಳಿಸಿದ. ನಾನು ಬಟ್ಟೆ ಒಣಹಾಕುತ್ತಾ ತಂತಿಯ ಹತ್ತಿರ ನಿಂತಿದ್ದೆ. ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪುಗಳನ್ನು ತೆಗೆಯುವುದು ಮರೆತಿತ್ತು. ಅವನು ಬಾಯಿಗೆ ಸೀಟಿ ಇಟ್ಟು ಶಿಳ್ಳೆ ಹಾಕಿದ.

ಟಿಬ್ ಕಿವಿ ನೆಟ್ಟಗೆ ಮಾಡಿದಳು. ಕುರಿಗಳು ಕದಲಿದವು, ಅವಳಿಗೆ ಕಂಡವು. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತಗ್ಗಿ, ಬಲಕ್ಕೆ ಸುತ್ತು ಹಾಕಿ ಹೊರಟಳು. ಕಾಲು ಇನ್ನೂ ಬಲಹೀನ, ಆದರೆ ಆ ಹೋಗುವ ರೀತಿ ಹಳೆಯದೇ. ಒಂದು ಕ್ಷಣ ಎಲ್ಲ ಸರಿಹೋಯಿತು ಅನ್ನಿಸಿತು. ಆಮೇಲೆ ಹೊಲದ ಕೊನೆಯಲ್ಲಿ ತಂತಿಬೇಲಿಗೆ ಹೋಗಿ ಬಡಿದಳು. ಹಿಂದಕ್ಕೆ ಬಿದ್ದಳು. ಎದ್ದು, ಮತ್ತೆ ಅದೇ ವೇಗದಲ್ಲಿ ಹೋಗಿ ಮತ್ತೆ ಬಡಿದಳು. ಲಾಕ್ಲನ್ ನಿಲ್ಲು ಎಂಬ ಶಿಳ್ಳೆ ಹಾಕಿದ. ಅವಳು ಮಲಗಿದಳು, ಮೂಗಿನಿಂದ ರಕ್ತ ಬರುತ್ತಿತ್ತು. ಅವನು ಸೀಟಿಯನ್ನು ಕಿಸೆಗೆ ಹಾಕಿಕೊಂಡ. ಅವನ ಬೆನ್ನು ನೋಡಿಯೇ ನನಗೆ ತಿಳಿಯಿತು, ಗುಡ್ಡ ಹೋಯಿತು ಎಂದು.

ಆಗ ಬೇಲಿಯ ಆಚೆ, ದಾರಿಯಲ್ಲಿ ಡೂಗಲ್ ಕಾಣಿಸಿಕೊಂಡ. ಮಧ್ಯಾಹ್ನದವನು ಅಂದು ಯಾಕೆ ಬೆಳಗ್ಗೆಯೇ ಬಂದಿದ್ದನೋ ಗೊತ್ತಿಲ್ಲ. ಬಂದವನು ನಮ್ಮ ಕಡೆ ನೋಡಲಿಲ್ಲ. ಟಿಬ್ ಬಡಿದ ಜಾಗಕ್ಕೆ ನೇರವಾಗಿ ಹೋಗಿ ಬೇಲಿಯ ಮಗ್ಗುಲಲ್ಲಿ ನಿಂತ. ಕೈಯ ಕೋಲಿನಿಂದ ತಂತಿಯನ್ನು ತಟ್ಟಿದ. ತಂತಿ ಸಣ್ಣಗೆ ಗುಂಯ್ ಎಂದಿತು. ಟಿಬ್ ತಲೆ ಓರೆ ಮಾಡಿ ಕೇಳಿದಳು. ಅವನು ಹತ್ತು ಹೆಜ್ಜೆ ಸರಿದು ಮತ್ತೆ ತಟ್ಟಿದ. ಅವಳ ಮುಖ ಆ ಸದ್ದಿನ ಜೊತೆಗೇ ತಿರುಗಿತು.

ಲಾಕ್ಲನ್ ಬಹಳ ಹೊತ್ತು ಗೇಟಿಗೆ ಒರಗಿ ಅದನ್ನೇ ನೋಡಿದ. ಅಷ್ಟು ದಿನವೂ ಅವನು ಡೂಗಲ್‌ನ ಜೊತೆ ಒಂದು ಮಾತೂ ಆಡಿರಲಿಲ್ಲ. ನಾನು ಕ್ಲಿಪ್ಪುಗಳನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಗಾಳಿ ದಕ್ಷಿಣದಿಂದ ಬೀಸುತ್ತಿತ್ತು, ಒದ್ದೆ ಹಾಸುಗಳು ನನ್ನ ಮೈಗೆ ಹೊಡೆಯುತ್ತಿದ್ದವು. ಲಾಕ್ಲನ್ ಕಿಸೆಯಿಂದ ಸೀಟಿ ತೆಗೆದು ಮತ್ತೆ ಊದಿದ.

ಟಿಬ್ ಎದ್ದಳು, ಸುತ್ತಿದಳು. ಕುರಿಗಳು ಬೇಲಿಯ ಕಡೆ ಓಡಿದವು, ಅವಳು ಹಿಂದೆಯೇ ಓಡಿದಳು. ಡೂಗಲ್ ಬೇಲಿಯುದ್ದಕ್ಕೂ ಎಡವುತ್ತಾ ನಡೆಯುತ್ತಾ ತಟ್ಟುತ್ತಿದ್ದ. ಈ ಸಲ ಅವಳು ತಂತಿಗೆ ಒಂದು ಮಾರು ದೂರದಲ್ಲಿ ತಡೆದು ತಿರುಗಿದಳು. ಮುಂದಿನ ಮೂಲೆಯಲ್ಲಿ ಗಾಳಿಯ ಸದ್ದಿಗೆ ಕೋಲಿನ ಸದ್ದು ಮುಚ್ಚಿಹೋಯಿತು, ಅವಳ ಭುಜ ಕಂಬವನ್ನು ಸವರಿತು.

"ಅವಳಿಗೆ ಕೇಳಿಸ್ತಿಲ್ಲ," ಎಂದು ಲಾಕ್ಲನ್ ಹೊಲದ ಆಚೆಗೆ ಕೂಗಿದ. "ಇನ್ನೂ ಸ್ವಲ್ಪ ಜೋರಾಗಿ ತಟ್ಟಿ, ಡೂಗಲ್."

ಡೂಗಲ್ ಜೋರಾಗಿ ತಟ್ಟಿದ.